ಬಾಲ್ಕನಿಯ ಬಸಳೆ ಮತ್ತು ಉದ್ದವಾಗುವ ರಾತ್ರಿ

ಮಳೆ ಹಿಂದೆ ಸರಿದ ಮೇಲೆ ಮುಂಬಯಿಗೆ ಮೊದಲು ಬರುವುದು ಚಳಿಯಲ್ಲ, ಇನ್ನೊಂದು ಬೇಸಿಗೆ. ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಮೋಡ ಚದುರಿ, ಹಗಲಿನ ತಾಪಮಾನ 33-34 ಡಿಗ್ರಿಗೆ ಏರುತ್ತದೆ. ಊರಿನವರು ಇದನ್ನೇ ‘ಅಕ್ಟೋಬರ್ ಹೀಟ್’ ಅನ್ನುವುದು. ಚಳಿ ಎನ್ನಬಹುದಾದದ್ದು ಕಾಣಿಸಿಕೊಳ್ಳುವುದು ಡಿಸೆಂಬರ್ ಕಳೆಯುವಾಗ. ಆಗಲೂ ಸಾಂತಾಕ್ರೂಜ್‌ನಲ್ಲಿ ಜನವರಿಯ ಬೆಳಗಿನ ಜಾವದ ಸರಾಸರಿ ಸುಮಾರು 17 ಡಿಗ್ರಿ. ಅಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1962ರ ಜನವರಿ 22ರ 7.4 ಡಿಗ್ರಿ. ಅಂದರೆ ಈ ನಗರದ ಗಿಡಗಳಿಗೆ ಚಳಿಯಿಂದ ರಕ್ಷಣೆ ಬೇಕಾಗುವುದೇ ಅಪರೂಪ. ಅವುಗಳಿಗೆ ಋತು ಬದಲಾದದ್ದು ತಿಳಿಯುವುದು ಹೆಚ್ಚಾಗಿ ಬೆಳಕಿನಿಂದ.

ಮುಂಬಯಿ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮಧ್ಯದಲ್ಲಿ ಮತ್ತು ಜುಲೈ ಕೊನೆಯಲ್ಲಿ ಒಂದೊಂದು ದಿನ ನಡುಹಗಲ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಆ ಎರಡು ದಿನಗಳ ನಡುವೆ ಅವನು ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಡಿಸೆಂಬರ್ 22ರ ಸುಮಾರಿಗೆ ಅವನು ದಕ್ಷಿಣದಲ್ಲಿ, ದಿಗಂತದಿಂದ ಬರೀ 47 ಡಿಗ್ರಿ ಮೇಲಿರುತ್ತಾನೆ. ಫ್ಲ್ಯಾಟಿನಲ್ಲಿ ಗಿಡ ಬೆಳೆಸುವವರಿಗೆ ಇದು ದೊಡ್ಡ ವ್ಯತ್ಯಾಸ. ಮೇಲಿನ ಸ್ಲ್ಯಾಬ್ ನೆಲದಿಂದ ಮೂರು ಮೀಟರ್ ಎತ್ತರದಲ್ಲಿದೆ, ಬಾಲ್ಕನಿ ದಕ್ಷಿಣಕ್ಕೆ ತೆರೆದಿದೆ ಎಂದುಕೊಳ್ಳಿ. ಸೆಪ್ಟೆಂಬರ್ ಕೊನೆಯ ನಡುಹಗಲಲ್ಲಿ ಬಿಸಿಲು ಸ್ಲ್ಯಾಬಿನ ಅಂಚಿನಿಂದ ಒಳಕ್ಕೆ ಒಂದು ಮೀಟರ್ ಮಾತ್ರ ಬರುತ್ತದೆ. ಡಿಸೆಂಬರ್‌ನಲ್ಲಿ ಸುಮಾರು 2.7 ಮೀಟರ್ ಒಳಗೆ ನುಗ್ಗುತ್ತದೆ. ಉತ್ತರದ ಕಿಟಕಿಯಲ್ಲಿ ನೇರ ಬಿಸಿಲು ಪೂರ್ತಿ ನಿಂತುಹೋಗಿರುತ್ತದೆ. ಜೂನ್‌ನಲ್ಲಿ ಚೆನ್ನಾಗಿದ್ದ ಜಾಗದಲ್ಲೇ ಕುಂಡ ಬಿಟ್ಟರೆ ದಾಸವಾಳ ಮೊಗ್ಗು ಬಿಡದಿರುವುದಕ್ಕೆ ಇದೂ ಒಂದು ಕಾರಣ. ಅಕ್ಟೋಬರ್‌ನ ಮೊದಲ ಕೆಲಸವೆಂದರೆ ಕುಂಡಗಳ ಜಾಗ ಬದಲಿಸುವುದು.

ಬೆಳಕಿನ ಇನ್ನೊಂದು ಲೆಕ್ಕ ಹಗಲಿನ ಉದ್ದದ್ದು. ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯ ಕರಾವಳಿ ಕನ್ನಡಿಗರ, ತುಳುವರ ಮನೆಗಳಲ್ಲಿ ಕಿಟಕಿಯ ಗ್ರಿಲ್‌ಗೆ ಬಸಳೆ ಹಬ್ಬಿಸುವ ರೂಢಿ ಉಂಟು. ಮಳೆಗಾಲದಲ್ಲಿ ಅಂಗೈಯಗಲ ಎಲೆ ಕೊಟ್ಟ ಬಳ್ಳಿ ನವೆಂಬರ್ ಬರುತ್ತಲೇ ಎಲೆ ಕಿರಿದು ಮಾಡಿ, ಗೆಣ್ಣುಗಳಲ್ಲಿ ಹೂವಿನ ತೆನೆ ತೆಗೆದು, ಕಪ್ಪು ನೇರಳೆ ಬಣ್ಣದ ಕಾಯಿ ಕಟ್ಟುತ್ತದೆ. ಗೊಬ್ಬರ ಸಾಲದಾಯಿತೇನೋ ಎಂದು ಹಲವರು ಇನ್ನಷ್ಟು ಸುರಿಯುತ್ತಾರೆ. ಅದರಿಂದ ಹೂ ನಿಲ್ಲದು. ಬಸಳೆ ಹ್ರಸ್ವ ದಿನದ ಗಿಡ. ಹಗಲು 13 ಗಂಟೆ ಮೀರಿದಾಗ ಹೂ ಬಿಡುವುದಿಲ್ಲ. ಮುಂಬಯಿಯ ಹಗಲು ಜೂನ್‌ನಲ್ಲಿ 13 ಗಂಟೆಗಿಂತ ತುಸು ಹೆಚ್ಚಿದ್ದು, ಡಿಸೆಂಬರ್‌ಗೆ ಸುಮಾರು 11 ಗಂಟೆಗೆ ಇಳಿಯುತ್ತದೆ. ತೆನೆ ಕಂಡ ಕೂಡಲೇ ತುದಿ ಚಿವುಟಿ, ದಂಟು ಕೊಯ್ದು ಗಸಿಗೆ ಹಾಕಿದರೆ ಪಕ್ಕದ ಚಿಗುರು ಒಡೆದು ಇನ್ನಷ್ಟು ದಿನ ಎಲೆ ಸಿಗುತ್ತದೆ.

ಹಗಲಿನ ಉದ್ದಕ್ಕೂ ಹೂವಿಗೂ ಇರುವ ಈ ನಂಟನ್ನು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಪ್ರಕಟಿಸಿದರು. ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು ಎಂಬುದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ನಡೆಸಿದ ಪ್ರಯೋಗಗಳಿಂದ ಸ್ಪಷ್ಟವಾಯಿತು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣಕ ಕೆಂಪು ಬೆಳಕು ಬಿದ್ದಾಗ ಒಂದು ರೂಪಕ್ಕೆ ತಿರುಗುತ್ತದೆ, ಕತ್ತಲಲ್ಲಿ ಮೆಲ್ಲಗೆ ಹಿಂದಿನ ರೂಪಕ್ಕೆ ಮರಳುತ್ತದೆ. ಈ ವರ್ಣಕವೂ ಗಿಡದ ಒಳಗಡಿಯಾರವೂ ಸೇರಿ ರಾತ್ರಿ ಎಷ್ಟು ಉದ್ದವಿದೆ ಎಂಬುದನ್ನು ಗುರುತಿಸುತ್ತವೆ. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಹಚ್ಚಿದರೂ ಆ ಲೆಕ್ಕ ತಪ್ಪಬಹುದು. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಬಲ್ಬು ಉರಿಸಿ ರೈತರು ಹೂವನ್ನು ಮುಂದೂಡುವುದು ಇದೇ ತತ್ವದ ಮೇಲೆ.

ರೈತರು ಬೇಕೆಂದು ಮಾಡುವುದು ಮುಂಬಯಿಯಲ್ಲಿ ಬೇಡದೆಯೂ ಆಗುತ್ತದೆ. ಸೊಸೈಟಿಯ ಹ್ಯಾಲೊಜನ್, ಎದುರಿನ ಕಟ್ಟಡದ ಎಲ್‌ಇಡಿ, ಬೀದಿದೀಪ ಎಲ್ಲ ಸೇರಿ ಬಾಲ್ಕನಿಗೆ ಕತ್ತಲೆಯೇ ಸಿಗದಂತೆ ಮಾಡಬಹುದು. ನರ್ಸರಿಯಿಂದ ತಂದ ಸೇವಂತಿಗೆ ಮೊದಲ ಹೂವಿನ ನಂತರ ಬರೀ ಎಲೆ ಹೊರಡಿಸಿದರೆ, ಪಾಯಿನ್‌ಸೆಟಿಯಾ ಎರಡನೆಯ ವರ್ಷ ಕೆಂಪಾಗದಿದ್ದರೆ, ರಾತ್ರಿ ಅದರ ಮೇಲೆ ಯಾವ ದೀಪ ಬೀಳುತ್ತಿದೆ ಎಂದು ನೋಡಬೇಕು. ಸಂಜೆಯಿಂದ ಬೆಳಗಿನವರೆಗೆ ಕುಂಡಕ್ಕೆ ರಟ್ಟಿನ ಪೆಟ್ಟಿಗೆ ಕವುಚಿ, ಕೆಲವು ವಾರ ತಪ್ಪದೆ ಹೀಗೆ ಮಾಡಿದರೆ ಸಾಕು. ನಾಟಿ ಅವರೆಗೂ ಇದೇ ಗುಣ. ಯಾವಾಗ ಬಿತ್ತಿದರೂ ರಾತ್ರಿ ಉದ್ದವಾದ ಮೇಲೆಯೇ ಅದು ಹೂ ಬಿಡುವುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಈ ಕಟ್ಟಿನಿಂದ ಬಿಡಿಸಿಕೊಂಡವು. ದೀಪ ತಪ್ಪಿಸಲಾಗದ ಗ್ರಿಲ್‌ಗೆ ಅಂಥವೇ ಸರಿ.

ತಾಪಮಾನ ನೇರವಾಗಿ ನೆರವಿಗೆ ಬರುವುದು ಟೊಮೆಟೊ ಮತ್ತು ಸೊಪ್ಪಿಗೆ. ರಾತ್ರಿ ಸೆಕೆ ಹೆಚ್ಚಾದರೆ ಟೊಮೆಟೊ ಹೂ ಕಾಯಿಗಟ್ಟದೆ ಉದುರುತ್ತದೆ. ಕೊತ್ತಂಬರಿ ಬೇಗ ಹೂವಿಗೆ ಏರುತ್ತದೆ. ಹಾಗಾಗಿ ಬಿಸಿಲ ಝಳ ಇಳಿಯುವ ನವೆಂಬರ್‌ನಿಂದ ಜನವರಿಯವರೆಗೆ ಕೊತ್ತಂಬರಿ, ಮೆಂತೆ, ಪಾಲಕ, ಮೂಲಂಗಿಯನ್ನು ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತುವುದು ಲೇಸು.

ಬಿತ್ತುವ ಮುಂಚೆ ಮಣ್ಣನ್ನು ವಿಚಾರಿಸಿಕೊಳ್ಳಬೇಕು. ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಊರಿದು. ಮಣ್ಣಿನ ಕಣಗಳದು ಋಣ ವಿದ್ಯುದಂಶ, ನೈಟ್ರೇಟಿನದೂ ಅದೇ. ಆದ್ದರಿಂದ ಕಣಗಳು ಅದನ್ನು ಹಿಡಿದಿಡಲಾರವು. ಮಳೆಗೆ ಒಡ್ಡಿದ ಕುಂಡದಿಂದ ಸಾರಜನಕ ತಳದ ತೂತಿನಲ್ಲಿ ಹರಿದುಹೋಗಿರುತ್ತದೆ, ಮಣ್ಣು ಬಿಗಿದಿರುತ್ತದೆ. ಮೇಲ್ಮಣ್ಣು ಕೆದಕಿ ಕಾಂಪೋಸ್ಟ್ ಬೆರೆಸಬೇಕು. ಮುಂಬಯಿ ಪೋರ್ಟ್ ಟ್ರಸ್ಟ್‌ನ ಕೇಂದ್ರ ಅಡುಗೆಮನೆಯ ತಾರಸಿಯಲ್ಲಿ ಪ್ರೀತಿ ಪಾಟೀಲ್ 2002ರಲ್ಲಿ ಆರಂಭಿಸಿದ ತೋಟ ಬೆಳೆದದ್ದು ಅಡುಗೆಮನೆಯ ಕಸದಿಂದಲೇ. ಕಾಂಪೋಸ್ಟಿಗೆ ಸಾರಜನಕದ 25-30 ಪಾಲು ಇಂಗಾಲ ಬೇಕು. ತರಕಾರಿ ಸಿಪ್ಪೆಯಲ್ಲಿ ಅಷ್ಟು ಇಂಗಾಲವಿಲ್ಲ, ಒಣ ಎಲೆಯಲ್ಲಿ ಧಾರಾಳ. ಚಳಿಗಾಲದಲ್ಲಿ ಕೆಂಪಾಗಿ ಉದುರುವ ಬಾದಾಮಿ ಮರದ ಎಲೆಗಳನ್ನು ಗುಡಿಸಿ ಸುಡುವ ಸೊಸೈಟಿಗಳು ಗೊಬ್ಬರದ ಅರ್ಧ ಭಾಗವನ್ನೇ ಹೊಗೆ ಮಾಡುತ್ತವೆ.

ಆ ಹೊಗೆ ಹೋಗುವುದೂ ದೂರವಲ್ಲ. ಚಳಿಗಾಲದ ರಾತ್ರಿಗಳಲ್ಲಿ ನೆಲದ ಬಳಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಪದರ ನಿಂತು, ಕಟ್ಟಡ ಕೆಲಸದ ದೂಳನ್ನೂ ಹೊಗೆಯನ್ನೂ ಕೆಳಗೇ ತಡೆಯುತ್ತದೆ. ಎಲೆಯ ಮೇಲೆ ಕೂತ ದೂಳು ಬೆಳಕಿಗೆ ಅಡ್ಡವಾಗುತ್ತದೆ, ಪತ್ರರಂಧ್ರ ಮುಚ್ಚುತ್ತದೆ. ಒಣ ಹವೆಯಲ್ಲಿ ಜೇಡನುಸಿಯೂ ಹೆಚ್ಚುತ್ತದೆ. ವಾರಕ್ಕೊಮ್ಮೆ ಬೆಳಗ್ಗೆ ಎಲೆಯ ಎರಡೂ ಬದಿ ತೊಳೆದರೆ ಎರಡಕ್ಕೂ ಮದ್ದು. ಬೇರಿಗೆ ನೀರು ಹಾಕಲು ದಿನದ ಲೆಕ್ಕ ಬೇಡ. ಬೆರಳು ಒಂದಂಗುಲ ಇಳಿಸಿ, ಒಣಗಿದ್ದರೆ ಹಾಕಬೇಕು. ಅಕ್ಟೋಬರ್‌ನಲ್ಲಿ ದಿನವೂ ಕೇಳಿದ ಕುಂಡ ಜನವರಿಯಲ್ಲಿ ಅಷ್ಟು ಕೇಳದು.

ಭಾಯಖಳದ ರಾಣಿಬಾಗ್‌ನಲ್ಲಿ ಮಹಾನಗರಪಾಲಿಕೆಯ ಪುಷ್ಪ ಪ್ರದರ್ಶನ ಜನವರಿ-ಫೆಬ್ರವರಿಯ ಹೊತ್ತಿಗೆ ನಡೆಯುವುದು ಆಕಸ್ಮಿಕವಲ್ಲ. ಮಳೆ ನಿಂತ ಮೇಲೆ ನೆಟ್ಟದ್ದು ತುಂಬಿ ನಿಲ್ಲುವ ಕಾಲವದು. ಫೆಬ್ರವರಿ ಕಳೆದರೆ ಬಿಸಿಲು ಮತ್ತೆ ಏರುತ್ತದೆ. ಚಳಿಯ ದೇಶಗಳಲ್ಲಿ ತೋಟ ಮಲಗುವ ತಿಂಗಳುಗಳೇ ಮುಂಬಯಿಯ ತೋಟಕ್ಕೆ ದುಡಿಮೆಯ ತಿಂಗಳುಗಳು. ಅವನ್ನು ಕಳೆದುಕೊಳ್ಳದಿರಲು ಹೆಚ್ಚು ಜಾಗವಾಗಲಿ ಹಣವಾಗಲಿ ಬೇಕಿಲ್ಲ. ತನ್ನ ಕಿಟಕಿಗೆ ಹಗಲು ಎಷ್ಟು ಬಿಸಿಲು, ರಾತ್ರಿ ಎಷ್ಟು ಕತ್ತಲು ಎಂಬ ಅರಿವಿದ್ದರೆ ಸಾಕು.