ಬಂಡಿಗೆ ಹುಳುತಡೆ

ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಹುಳುಗಳು ದೀಪಕ್ಕೆ ಮುತ್ತುವುದನ್ನು ಊರಿನಲ್ಲಿ ಕಂಡವರೇ ನಾವೆಲ್ಲರೂ. ವಡೋದರೆಯ ಮಂಜಲ್‌ಪುರದಿಂದ ಹೋಟೆಲಿನ ವ್ಯಾನನ್ನೋ ಬಾಡಿಗೆಯ ಕಾರನ್ನೋ ಅಹಮದಾಬಾದಿಗೆ ನಡೆಸುವ ಬಂಧುಗಳಿಗೆ ಅವೇ ಹುಳುಗಳು ಅಪಾಯಕಾರಿಯಾಗುತ್ತವೆ. ಸುಮಾರು 93 ಕಿಲೋಮೀಟರು ಉದ್ದದ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಅವು ಗಾಜಿಗೆ ಅಪ್ಪಳಿಸುತ್ತವೆ. ವೈಪರ್ ಆಡಿಸಿದರೆ ಅಂಟು ಹರಡಿ, ಇರುಳಿನ ದೀಪಗಳ ಬೆಳಕಿಗೆ ದಾರಿಯೇ ಮಸುಕಾಗುತ್ತದೆ.

ಇದಕ್ಕೆಂದು ಬಾನೆಟ್ಟಿನ ಮುಂದಂಚಿಗೆ ಕೂಡಿಸುವ ಅಕ್ರಿಲಿಕ್ ಹುಳುತಡೆಯೊಂದುಂಟು. ಅದು ಗಾಳಿಯನ್ನು ಮೇಲಕ್ಕೆ ತಿರುಗಿಸುವುದರಿಂದ ಹಗುರವಾದ ಹುಳುಗಳು ಗಾಜನ್ನು ದಾಟಿ ಹೋಗುತ್ತವೆ. ಆದರೆ ವೇಗವಿದ್ದಾಗ ಮಾತ್ರ ಇದರ ಗುಣ; ಪೇಟೆಯ ನಿಧಾನಗತಿಯಲ್ಲಿ ಪ್ರಯೋಜನವಿಲ್ಲ.

ಕೂಡಿಸುವಾಗ ಆತುರ ಸಲ್ಲದು. ಆಯಾ ಮಾದರಿಯ ಬಂಡಿಗೆಂದೇ ಮಾಡಿದುದನ್ನು ಕೊಂಡು, ಮೊದಲು ಇಟ್ಟು ನೋಡತಕ್ಕದ್ದು. ಬಳಿಕ ಅಂಚನ್ನು ತೊಳೆದು, ಮೇಣದ ಜಿಡ್ಡು ಹೋಗುವಂತೆ ಸ್ಪಿರಿಟ್ಟಿನಿಂದ ಒರೆಸಿ, ಅಂಟುಪಟ್ಟಿಯನ್ನು ನಡುವಿನಿಂದ ಎರಡೂ ತುದಿಗಳತ್ತ ಒತ್ತಬೇಕು. ಒಂದು ಹಗಲಿರುಳು ನೀರು ತಾಕಿಸಬಾರದು. ಬಾನೆಟ್ಟಿಗೆ ತೂತು ಕೊರೆಯುವುದೆಂದರೆ ತುಕ್ಕಿಗೆ ಬಾಗಿಲು ತೆರೆದಂತೆ. ಕಡೆಗೆ ಬಾನೆಟ್ಟು ಸರಾಗವಾಗಿ ತೆರೆದು ಭದ್ರವಾಗಿ ಮುಚ್ಚುವುದೇ ಎಂಬುದನ್ನು ಪರೀಕ್ಷಿಸಬೇಕು.

ಅಂಗಡಿಯವರು ಜತೆಗೆ ಲೋಹದ ಬುಲ್ ಬಾರನ್ನೂ ಹೊಗಳಿಯಾರು, ಅದಕ್ಕೆ ಒಪ್ಪಬಾರದು. ಅದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿದೆ.

ಹುಳುತಡೆ ಇರಲಿ, ಇಲ್ಲದಿರಲಿ, ಹೊರಡುವ ಮುನ್ನ ಗಾಜನ್ನು ತೊಳೆಯುವುದೇ ಮೊದಲ ಕೆಲಸ. ಬಂಡಿಯಲ್ಲಿ ಕುಳಿತವರು ನಂಬಿರುವುದು ಸಾರಥಿಯ ಕಣ್ಣನ್ನು.