ಒಂದೇ ಹೆಸರು, ಎರಡು ಕಾಗುಣಿತ

ಕೃತಕ ಬುದ್ಧಿಮತ್ತೆ ಎಂದೊಡನೆ ಯಂತ್ರಮಾನವನನ್ನು ಕಲ್ಪಿಸಿಕೊಳ್ಳಬೇಡಿ. ಸರ್ಕಾರಿ ಕಚೇರಿಯಲ್ಲಿ ಅದಕ್ಕೆ ಬೀಳುವ ಕೆಲಸ ಬಹುಮಟ್ಟಿಗೆ ಗುಮಾಸ್ತನದೇ. ಈ ಪಟ್ಟಿಯ ಹೆಸರನ್ನು ಆ ಪಟ್ಟಿಯ ಹೆಸರಿನೊಂದಿಗೆ ತಾಳೆ ನೋಡುವುದು.

ಬೆಳಗಾವಿ, ಖಾನಾಪುರದ ವೀಕ್ಷಕರಿಗೆ 'ಉತಾರ' ಎಂದರೆ ಸಾಕು. ಉಳಿದವರು ಪಹಣಿ ಎಂದು ಓದಿಕೊಳ್ಳಿ. 2000ದ ಸುಮಾರಿಗೆ 'ಭೂಮಿ' ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. 2018ರ ಬೆಳೆಸಾಲ ಮನ್ನಾ ವೇಳೆಗೆ ಪಹಣಿ, ಪಡಿತರ ಚೀಟಿ, ಆಧಾರ್ ಮೂರನ್ನೂ ಗಣಕಯಂತ್ರದಲ್ಲೇ ಹೋಲಿಸಿ ನೋಡುವಂತಾಯಿತು.

ಹಳೆಯ ಕ್ರಮವಿಧಿಗೆ ಒಂದು ಅಕ್ಷರ ಬೇರೆಯಾದರೆ ಆಸಾಮಿಯೇ ಬೇರೆ. ಕಲಿಯಬಲ್ಲ ಹೊಸ ಯಂತ್ರ ಹಾಗಲ್ಲ. ಸಾವಿರಾರು ಉದಾಹರಣೆಗಳನ್ನು ನೋಡಿ, 'ಇಬ್ಬರೂ ಒಬ್ಬರೇ ಇರಬಹುದು' ಎಂದು ಅಂದಾಜಿಸಿ ಅಂಕ ಕೊಡುತ್ತದೆ. ಎಷ್ಟು ಅಂಕಕ್ಕೆ ಪಾಸು ಎಂದು ಗೊತ್ತುಮಾಡುವವರು ಮಾತ್ರ ಮನುಷ್ಯರೇ.

ಖಾನಾಪುರದಲ್ಲಿ ಇದು ಸಣ್ಣ ಸಂಗತಿಯಲ್ಲ. ಮನೆಮಾತು ಹಲವರಿಗೆ ಮರಾಠಿ, ಕಚೇರಿಯ ದಾಖಲೆ ಕನ್ನಡ. ಜ್ಞಾನೇಶ್ವರ ಎಂಬ ಹೆಸರನ್ನು ಮರಾಠಿಗರು ಇಂಗ್ಲಿಷಿನಲ್ಲಿ 'ಡಿ'ಯಿಂದ ಆರಂಭಿಸಿದರೆ ಕನ್ನಡಿಗರು 'ಜೆ'ಯಿಂದ ಆರಂಭಿಸುತ್ತಾರೆ. (ಪರದೆಯ ಮೇಲೆ ಹೆಸರು ಮೂಡಿಸುವ ನಮಗೂ ಈ ತಾಪತ್ರಯ ಪರಿಚಿತ.) ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಮನೆಗಳಲ್ಲಂತೂ ಶಾಲೆಯ ದಾಖಲೆಗೊಂದು ಹೆಸರು, ಪಡಿತರ ಚೀಟಿಗೊಂದು ಹೆಸರು. ಕಣಕುಂಬಿಯ ಕಡೆಯಿಂದ ತಿದ್ದುಪಡಿಗೆಂದು ಖಾನಾಪುರಕ್ಕೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು. ಇಂಥ ಕಡೆ 'ಡಿ'ಯೂ 'ಜೆ'ಯೂ ಒಂದೇ ಎಂದು ಬಲ್ಲ ಯಂತ್ರ ದೊಡ್ಡ ಉಪಕಾರಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ 'ಭಾಷಿಣಿ'ಯಂಥ ಅನುವಾದ ವ್ಯವಸ್ಥೆ ಜೊತೆಗೂಡಿದರೆ, ಅಜ್ಜಿ ಮರಾಠಿಯಲ್ಲೇ ಕೇಳಿ ಕನ್ನಡ ದಾಖಲೆಯ ಉತ್ತರ ಪಡೆಯಬಹುದು.

ಆದರೆ ಅದೇ ಉದಾರ ಯಂತ್ರ ಇಬ್ಬರನ್ನು ಒಬ್ಬರನ್ನಾಗಿಯೂ ಮಾಡೀತು. ನೆರೆಯ ತೆಲಂಗಾಣದಲ್ಲಿ 'ಸಮಗ್ರ ವೇದಿಕೆ' ಎಂಬ ವ್ಯವಸ್ಥೆ ಹಲವು ಇಲಾಖೆಗಳ ಪಟ್ಟಿಗಳನ್ನು ಹೀಗೆಯೇ ಹೆಣೆಯಿತು. ರಿಕ್ಷಾ ಎಳೆಯುವವನೊಬ್ಬನನ್ನು ಹೆಚ್ಚುಕಡಿಮೆ ಅದೇ ಹೆಸರಿನ ಕಾರು ಮಾಲೀಕನೆಂದು ಭಾವಿಸಿದ್ದರಿಂದ ಆ ಬಡ ಕುಟುಂಬಕ್ಕೆ ರಿಯಾಯಿತಿ ಅಕ್ಕಿ ತಪ್ಪಿತು. 2016ರಿಂದ ರದ್ದಾಗಿದ್ದ ಸುಮಾರು 19 ಲಕ್ಷ ಪಡಿತರ ಚೀಟಿಗಳನ್ನು ಸ್ಥಳಕ್ಕೇ ಹೋಗಿ ಮರುಪರಿಶೀಲಿಸುವಂತೆ 2022ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು.

ಹೆಸರು ಸೇರಿಸುವಾಗ ಯಂತ್ರ ಧಾರಾಳಿಯಾಗಿರಲಿ. ಕಿತ್ತುಹಾಕುವಾಗ ಅದು ಬರೀ ಗುರುತು ಹಾಕಲಿ, ಗ್ರಾಮ ಆಡಳಿತ ಅಧಿಕಾರಿ ಮನೆಗೆ ಹೋಗಿ ನೋಡಲಿ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಚೀಟಿ ರದ್ದಾಗಿದ್ದರೆ 'ಕಂಪ್ಯೂಟರ್ ಹೇಳಿತು' ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. ಯಾವ ಪಟ್ಟಿಯ ಯಾವ ಹೆಸರಿನೊಂದಿಗೆ ತಾಳೆಯಾಯಿತೆಂದು ಬರಹದಲ್ಲಿ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು.