ಹದಿನೆಂಟು ಸೆಕೆಂಡಿನ ಅಂತರ

ಉಪಗ್ರಹದಿಂದ ಸಮಯ ಹಿಡಿಯುವ ಕೈಗಡಿಯಾರವು ಜಿಪಿಎಸ್ ಎಣಿಕೆಯನ್ನು ಇದ್ದಂತೆಯೇ ತೋರಿಸಿಬಿಟ್ಟರೆ ಅದು ಸರಿಯಾಗಿ 18 ಸೆಕೆಂಡು ಮುಂದಿರುತ್ತದೆ. ಜಪಾನಿನ ಸಿಟಿಜನ್ 2011ರಲ್ಲಿ, ಸೀಕೊ 2012ರಲ್ಲಿ ಇಂಥ ಗಡಿಯಾರಗಳನ್ನು ಮಾರುಕಟ್ಟೆಗೆ ತಂದವು. ಅಣುಗಡಿಯಾರದ ನಿಖರತೆ ನೇರವಾಗಿ ಮಣಿಕಟ್ಟಿಗೆ ಇಳಿದು ಬಂದಿದೆ ಎಂಬ ಭಾವನೆಯೂ ಅವುಗಳ ಜೊತೆ ಬೆಳೆಯಿತು. ಆ ಭಾವನೆ ಅರ್ಧ ಮಾತ್ರ ನಿಜ. ಸೆಕೆಂಡುಗಳ ಎಣಿಕೆ ಉಪಗ್ರಹದ್ದು. ಈಗ ಗಂಟೆ ಎಷ್ಟು ಎನ್ನುವುದು ಭೂಮಿಯ ಮೇಲಿನ ಜನರ ಒಪ್ಪಂದ. ಗಡಿಯಾರ ಇವೆರಡನ್ನೂ ಬೇರೆಬೇರೆಯಾಗಿ ಪಡೆದು, ಲೆಕ್ಕ ಹಾಕಿ ಮುಳ್ಳು ತಿರುಗಿಸುತ್ತದೆ. ಹೀಗೆ ಬೇರೆ ಇಟ್ಟಿರುವುದು ವಿನ್ಯಾಸದ ಕುಂದಲ್ಲ, ಅದರ ವಿವೇಕ ಎಂಬುದು ನನ್ನ ಅಭಿಪ್ರಾಯ.

ನಮ್ಮ ಪಂಚಾಂಗದಲ್ಲಿ ಅಧಿಕಮಾಸವಿದೆ. ಚಂದ್ರನ ತಿಂಗಳುಗಳಿಗೂ ಸೂರ್ಯನ ವರ್ಷಕ್ಕೂ ಹೊಂದಿಕೆ ತಪ್ಪದಿರಲೆಂದು ಸೇರಿಸುವ ತಿಂಗಳು ಅದು. ಗಡಿಯಾರದ ಸಮಯಕ್ಕೆ ಆಗೀಗ ಸೇರಿಸುವ ಲೀಪ್ ಸೆಕೆಂಡಿನ ಉದ್ದೇಶವೂ ಅಂಥದ್ದೇ: ಅಣುಗಡಿಯಾರದ ಸಮಯಕ್ಕೂ ಭೂಮಿಯ ತಿರುಗುವಿಕೆಗೂ 0.9 ಸೆಕೆಂಡಿಗಿಂತ ಹೆಚ್ಚು ಅಂತರ ಬೀಳದಂತೆ ನೋಡಿಕೊಳ್ಳುವುದು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಮುಂದಿನ ಅಧಿಕಮಾಸ ಯಾವಾಗ ಎಂಬುದನ್ನು ಎಷ್ಟೋ ವರ್ಷ ಮೊದಲೇ ಗಣಿತ ಮಾಡಿ ಹೇಳಬಹುದು; ಲೀಪ್ ಸೆಕೆಂಡನ್ನು ಹಾಗೆ ಹೇಳಲಾಗದು. ಉಬ್ಬರವಿಳಿತದ ಎಳೆತ, ಭೂಗರ್ಭದ ದ್ರವದ ಚಲನೆ, ಗಾಳಿಯ ಹರಿವು ಎಲ್ಲವೂ ಭೂಮಿಯ ವೇಗವನ್ನು ಒಂದಿಷ್ಟು ಏರುಪೇರು ಮಾಡುತ್ತವೆ. ಆದ್ದರಿಂದ ಅಳತೆ ಮಾಡಿ ನೋಡಿಯೇ ನಿರ್ಧರಿಸಬೇಕು. ಭೂಮಿಯ ತಿರುಗುವಿಕೆಯ ಲೆಕ್ಕವಿಡುವ ಅಂತರರಾಷ್ಟ್ರೀಯ ಸೇವೆಯ ಪ್ರಕಟಣೆ ಪ್ಯಾರಿಸ್ ವೀಕ್ಷಣಾಲಯದಿಂದ ಸುಮಾರು ಆರು ತಿಂಗಳು ಮುಂಚೆ ಹೊರಡುತ್ತದೆ. 1972ರಿಂದ ಹೀಗೆ 27 ಸೆಕೆಂಡು ಸೇರಿವೆ. ಕೊನೆಯದು ಭಾರತದಲ್ಲಿ ಬಿದ್ದದ್ದು 2017ರ ಜನವರಿ 1ರ ಮುಂಜಾನೆ: ಆ ದಿನ 5 ಗಂಟೆ 29ನೇ ನಿಮಿಷಕ್ಕೆ 61 ಸೆಕೆಂಡು. ಅರವತ್ತೇ ಗೆರೆಗಳಿರುವ ಡಯಲ್‌ನಲ್ಲಿ ಅದಕ್ಕೆ ಜಾಗವಿಲ್ಲ. ಮುಳ್ಳು ಎಲ್ಲೋ ಒಂದು ಕಡೆ ಒಂದು ಸೆಕೆಂಡು ನಿಂತು ಮುಂದುವರಿಯಬೇಕು, ಅಷ್ಟೆ.

ಗಣಿತಕ್ಕೆ ಸಿಗದ ಸುದ್ದಿಯನ್ನು ಗಡಿಯಾರಕ್ಕೆ ಯಾರಾದರೂ ತಿಳಿಸಲೇಬೇಕು. ಜಿಪಿಎಸ್ ಉಪಗ್ರಹಗಳು ಅದನ್ನೇ ಮಾಡುತ್ತವೆ. 1980ರ ಜನವರಿ 6ರಂದು ಶುರುವಾದ ಅವುಗಳ ಎಣಿಕೆ ಲೀಪ್ ಸೆಕೆಂಡಿಗಾಗಿ ಒಮ್ಮೆಯೂ ನಿಂತಿಲ್ಲ. ಅಲ್ಲಿಂದ ಈಚೆಗೆ ಸೇರಿದ ಸೆಕೆಂಡುಗಳೇ ಆ 18. ಆದರೆ ಈಗಿನ ಅಂತರವೆಷ್ಟು, ಅದು ಬದಲಾಗುವುದಿದ್ದರೆ ಯಾವ ವಾರದ ಯಾವ ದಿನ ಎಂಬ ಮಾಹಿತಿ ಅವು ಬಿತ್ತರಿಸುವ ಸಂದೇಶದೊಳಗೇ ಇದೆ. ಈ ಸಂದೇಶ ಬರುವುದು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ. ಸಮಯದ ಗುರುತು 6 ಸೆಕೆಂಡಿಗೊಮ್ಮೆ ಸಿಗುತ್ತದೆ, ಅಂತರದ ಅಂಕಿಯಾದರೋ 12 ನಿಮಿಷ 30 ಸೆಕೆಂಡಿಗೆ ಒಂದೇ ಸಲ. ಪುಟ್ಟ ಬ್ಯಾಟರಿಯ ಗಡಿಯಾರ ದಿನವೂ ಅಷ್ಟು ಹೊತ್ತು ಕಿವಿಗೊಟ್ಟು ಕೂರಲಾರದು. ಹಾಗಾಗಿ ಸೀಕೊ ಆಸ್ಟ್ರಾನ್ ಮಾಮೂಲಿ ದಿನಗಳಲ್ಲಿ ಸಮಯವನ್ನಷ್ಟೇ ಬೇಗ ಹಿಡಿದು ಸುಮ್ಮನಾಗುತ್ತದೆ. ಜೂನ್ 1 ಮತ್ತು ಡಿಸೆಂಬರ್ 1 ಕಳೆದ ಮೇಲೆ ಸಂಕೇತ ಸಿಕ್ಕಾಗ ಮಾತ್ರ ಈ ಅಂಕಿಗಾಗಿ ಕಾಯುತ್ತದೆ. ಅದಕ್ಕೆ ಅರ್ಧ ನಿಮಿಷವೂ ಸಾಕಾಗಬಹುದು, 18 ನಿಮಿಷವೂ ಹಿಡಿಯಬಹುದು.

ಇಷ್ಟೆಲ್ಲ ಸುತ್ತುಬಳಸು ಯಾಕೆ, ಉಪಗ್ರಹದ ಗಡಿಯಾರವನ್ನೇ ತಿದ್ದಬಾರದೇ? ರಷ್ಯಾದ ಗ್ಲೊನಾಸ್ ಹಾಗೆಯೇ ಮಾಡುತ್ತದೆ. ಆದರೆ ಉಪಗ್ರಹಗಳ ಮೊದಲ ಕೆಲಸ ಜಾಗ ತೋರಿಸುವುದು, ಮತ್ತು ಅದು ನಿಂತಿರುವುದು ಸಮಯದ ಮೇಲೆ. ಒಂದು ಸೆಕೆಂಡಿನಲ್ಲಿ ಬೆಳಕು ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಅಂಥ ಎಣಿಕೆಯಲ್ಲಿ ಸೆಕೆಂಡೊಂದನ್ನು ತೂರಿಸುವುದಕ್ಕಿಂತ ಅದನ್ನು ಮುಟ್ಟದೆ ಬಿಟ್ಟು, ವ್ಯತ್ಯಾಸವನ್ನು ಪಕ್ಕದಲ್ಲಿ ಬರೆದಿಡುವುದು ಲೇಸು. ಇನ್ನೊಂದು ಆಕ್ಷೇಪ ಹೆಚ್ಚು ಸಹಜವಾದದ್ದು: ಕೈಗಡಿಯಾರದಲ್ಲಿ ಒಂದು ಸೆಕೆಂಡು ತಪ್ಪಿದರೆ ಏನಾಯಿತು? ಸಾಧಾರಣ ಕ್ವಾರ್ಟ್ಜ್ ಗಡಿಯಾರ ತಿಂಗಳಿಗೆ ಹತ್ತು ಹದಿನೈದು ಸೆಕೆಂಡು ಆಚೀಚೆ ಆಗುವುದುಂಟು, ಯಾರ ಬಸ್ಸೂ ತಪ್ಪುವುದಿಲ್ಲ. ಒಪ್ಪುತ್ತೇನೆ. ಆದರೆ ಈ ಎರಡು ತಪ್ಪುಗಳು ಒಂದೇ ಜಾತಿಯವಲ್ಲ. ಗಡಿಯಾರ ತಾನಾಗಿ ಹಿಂದೆ ಬಿದ್ದರೆ ಮುಂದಿನ ಸಂಕೇತ ಅದನ್ನು ಸರಿಪಡಿಸುತ್ತದೆ. ನೆನಪಿನಲ್ಲಿರುವ ಅಂಕಿಯೇ ಹಳೆಯದಾದರೆ ಪ್ರತಿ ಸಂಕೇತವೂ ಅದೇ ತಪ್ಪನ್ನು ಮತ್ತೆ ಕೂರಿಸುತ್ತದೆ, ಅದೂ ಸಮಯ ಸರಿಯಾಗಿ ಸಿಕ್ಕಿತು ಎಂಬ ಗುರುತಿನೊಂದಿಗೆ. ಒಳಗೇ ಇಟ್ಟ, ಆಕಾಶ ಕಾಣದ ಗಡಿಯಾರಕ್ಕೆ ಈ ಅಪಾಯವಿದೆ. ಬಯಲಿನಲ್ಲೋ ತೆರೆದ ಕಿಟಕಿಯಲ್ಲೋ ಇಪ್ಪತ್ತು ನಿಮಿಷ ಇಟ್ಟರೆ ಪರಿಹಾರ.

ಲೀಪ್ ಸೆಕೆಂಡನ್ನೇ ಕೈಬಿಡುತ್ತಾರಂತೆ, ಇನ್ನು ಈ ಏರ್ಪಾಡು ಯಾಕೆ ಎನ್ನುವವರೂ ಇದ್ದಾರೆ. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆ 2022ರ ನವೆಂಬರ್‌ನಲ್ಲಿ ನಿರ್ಧರಿಸಿದ್ದು, ಅಣುಸಮಯಕ್ಕೂ ಭೂಮಿಗೂ ನಡುವಿನ ಅಂತರದ ಮಿತಿಯನ್ನು 2035ರೊಳಗೆ ಹಿಗ್ಗಿಸಬೇಕು ಎಂದು. ಆ ಮೊದಲು ಇನ್ನೊಂದು ಸೆಕೆಂಡು ಬರಲಾರದೆಂದು ಯಾರೂ ಮಾತು ಕೊಟ್ಟಿಲ್ಲ. ಈಚಿನ ವರ್ಷಗಳಲ್ಲಿ ಭೂಮಿ ಸ್ವಲ್ಪ ಚುರುಕಾಗಿ ತಿರುಗುತ್ತಿರುವುದರಿಂದ, ಇದುವರೆಗೆ ಒಮ್ಮೆಯೂ ಮಾಡದ, ಸೆಕೆಂಡೊಂದನ್ನು ಕಳೆಯುವ ಮಾತೂ ಕೇಳಿಬಂದಿದೆ. ಸೇರಿಸುವುದು ನಿಂತರೂ ಈಗಾಗಲೇ ಸೇರಿದ್ದು ಅಳಿಯುವುದಿಲ್ಲ. ಬೆಂಗಳೂರಿನ ಬಳಿ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರ ನೋಡಿಕೊಳ್ಳುವ, ಭಾರತದ್ದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್‌ನ ಸಮಯವೂ ಲೀಪ್ ಸೆಕೆಂಡು ಇಲ್ಲದೆ ಓಡುವಂಥದ್ದು, ಅದಕ್ಕೂ ನಮ್ಮ ಗೋಡೆ ಗಡಿಯಾರಕ್ಕೂ ಇರುವ ಅಂತರವೂ ಇದೇ 18. ಆ ಅಂಕಿಯನ್ನು ಕಳೆದ ಮೇಲೆಯೇ ಮುಳ್ಳು ಸರಿಯಾದ ಗೆರೆಗೆ ಬಂದು ನಿಲ್ಲುವುದು.